ಮಳೆ ಶುರುವಾದರೆ ನಿದ್ದೆ ಬಿಡುವ ಅಮ್ಮ, ಮತ್ತು ನಮ್ಮ ಬಡಾವಣೆಯ ಆಪ್ತ ಸಮಾಲೋಚನೆ: ಒಂದು ವಿಮರ್ಶೆ

ನಾನು ಮಡಿಕೇರಿ ಹತ್ತಿರ ಚಿಕ್ಕ ಹೊಲಿಗೆ ಅಂಗಡಿ ನಡೆಸುತ್ತೇನೆ. ರವಿಕೆ ಅಳತೆ ಕೊಡುತ್ತಾ ನಿಂತ ಹೆಂಗಸರು ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ. "ನಿಮ್ಮ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದು? ಈಗ ಹೇಗಿದ್ದಾರೆ? ಎಷ್ಟು ದುಡ್ಡು ತಗೊಂಡರು?" ಒಬ್ಬೊಬ್ಬರಿಗೂ ಅರ್ಧ ಮಾತು ಹೇಳಿ ಕಳಿಸುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು. ಅಮ್ಮನನ್ನು ಕೇಳಿದೆ. "ಬರಿ, ನನ್ನ ಹೆಸರು ಮಾತ್ರ ಹಾಕಬೇಡ" ಅಂದರು. ಹಾಗಾಗಿ ಅಮ್ಮನ ಹೆಸರಿಲ್ಲ. ಸಂಸ್ಥೆಯ ಹೆಸರೂ ಇಲ್ಲ. ಅದು ಚಿಕ್ಕ ತಂಡ. ಅವರ ಮೇಲೆ ನನಗೊಂದು ದೊಡ್ಡ ದೂರಿದೆ, ಅದನ್ನು ಅವರಿಗೆ ಎದುರಿಗೇ ಹೇಳಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯಲ್ಲಿ ಆ ತಂಡ ನಡೆಸಿದ ಐದು ವಾರದ ಗುಂಪು ಸಮಾಲೋಚನೆ ಅಮ್ಮನಿಗೆ ನಿಜವಾಗಿಯೂ ಉಪಯೋಗಕ್ಕೆ ಬಂತು. ನಾನು ಯಾರಿಗಾದರೂ ಧೈರ್ಯವಾಗಿ ಹೋಗಿ ಅಂತ ಹೇಳುತ್ತೇನೆ. ಆದರೆ ಕೊಡಗಿನಲ್ಲಿ ಇಂಥ ಕೆಲಸ ಮಾಡುವವರು ಮಳೆಗಾಲದಲ್ಲಿ ಬಾಗಿಲು ಹಾಕಬಾರದು. ನಮ್ಮ ಜನರ ಕಾಯಿಲೆ ಜೋರಾಗುವುದೇ ಜೂನ್ ಮೇಲೆ.

ನಾವು ಮಕ್ಕಂದೂರು ಕಡೆಯವರು. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಸುತ್ತ ಗುಡ್ಡಗಳು ಜಾರಿದ್ದು ಈ ಜಿಲ್ಲೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮ ಮನೆ, ಕೊಟ್ಟಿಗೆ, ಸ್ವಲ್ಪ ಕಾಫಿ ತೋಟ, ಒಳ್ಳೆಮೆಣಸಿನ ಬಳ್ಳಿ ಎಲ್ಲ ಮಣ್ಣಿನ ಜೊತೆ ಹೊಳೆಗೆ ಹೋಯಿತು. ಜೀವ ಉಳಿಯಿತು. ಪರಿಹಾರ ಕೇಂದ್ರ, ಬಾಡಿಗೆ ಮನೆ, ಆಮೇಲೆ ಪುನರ್ವಸತಿ ಬಡಾವಣೆಯ ಮನೆ. ಈಗಿನ ಮನೆ ಚೆನ್ನಾಗಿಯೇ ಇದೆ. ಕಾಂಕ್ರೀಟ್ ತಾರಸಿ, ಮನೆಯೊಳಗೇ ನಲ್ಲಿ, ಬಾಗಿಲಿಗೇ ರಸ್ತೆ. ಅಪ್ಪ ಇಲ್ಲಿಗೆ ಬಂದ ಮೇಲೆ ತೀರಿಕೊಂಡರು.

ಅಮ್ಮನ ತೊಂದರೆ ಹೊರಗಿನವರಿಗೆ ಕಾಣುವುದಿಲ್ಲ. ಬೇಸಿಗೆಯಲ್ಲಿ ನೋಡಿದವರು "ಗಟ್ಟಿಯಾಗಿದ್ದಾರಲ್ಲ" ಅನ್ನುತ್ತಾರೆ. ಜೂನ್ ಬಂದು ಮಳೆ ಹಿಡಿದುಕೊಂಡಿತು ಅಂದರೆ ಬೇರೆ ಮನುಷ್ಯರೇ. ರಾತ್ರಿ ಚಪ್ಪಲಿ ಹಾಕಿಕೊಂಡೇ ಮಲಗುತ್ತಾರೆ. ಮಲಗುವುದು ಅಂದರೂ ಸುಮ್ನೆ ಒರಗುವುದು ಅಷ್ಟೇ. ಎಲ್ಲೋ ಮರ ಮುರಿದ ಸದ್ದಾದರೆ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಾರೆ. ಬೆಳಿಗ್ಗೆ ಮೊದಲು ಮಾಡುವ ಕೆಲಸ ಚರಂಡಿ ನೀರಿನ ಬಣ್ಣ ನೋಡುವುದು. ನೀರು ಕೆಂಪಗಿದ್ದರೆ ಅವತ್ತು ಊಟ ಇಲ್ಲ. ಮೇಲಿಂದ ಒಂದೊಂದೇ ಸುದ್ದಿ ಬಂದು ಬೀಳುತ್ತಲೇ ಇತ್ತು. 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಕುಸಿತ. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. 2022ರಲ್ಲಿ ಚೆಂಬು ಕಡೆ ನೆಲ ನಡುಗಿದ ಸುದ್ದಿ. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕ್ಕೈ. ಅವತ್ತು ಟಿವಿ ಮುಂದೆ ಕೂತ ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮೊದಲು ನೋಡಿದ್ದು ವಿಡಿಯೋ ಕರೆಯ ಸಮಾಲೋಚನೆ. ಬೆಂಗಳೂರಿನಲ್ಲಿರುವ ತಮ್ಮ ಬುಕ್ ಮಾಡಿಕೊಟ್ಟ. 45 ನಿಮಿಷಕ್ಕೆ 1,200 ರೂಪಾಯಿ. ಮಾತಾಡಿದ ಹುಡುಗಿ ಒಳ್ಳೆಯವಳು, ವಿನಯ ಇತ್ತು, ಕನ್ನಡವೂ ಬರುತ್ತಿತ್ತು. ಆದರೆ ಅಮ್ಮನ ಭಯವನ್ನು ಅವಳು "ಅತಿಯಾದ ಯೋಚನೆ" ಅಂತ ತಿಳಿದುಕೊಂಡಳು. "ಗುಡ್ಡ ಬೀಳುತ್ತೆ ಅನ್ನೋದಕ್ಕೆ ಏನು ಪುರಾವೆ ಇದೆ ಹೇಳಿ ಆಂಟಿ" ಅಂತ ಕೇಳಿದಳು. ಅಮ್ಮ ನನ್ನ ಮುಖ ನೋಡಿದರು. ಕೊನೆಗೆ ಮನಸ್ಸು ಹಗುರ ಮಾಡಲು ಒಂದು ಆಡಿಯೋ ಕಳಿಸಿದಳು, ರಾತ್ರಿ ಮಲಗುವಾಗ ಕೇಳಿ ಅಂತ. ಅದರಲ್ಲಿ ಇದ್ದದ್ದು ಮಳೆಯ ಸದ್ದು.

ಇದನ್ನು ಕೋಪದಿಂದ ಬರೆಯುತ್ತಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಮಳೆ ಸದ್ದು ಅಂದರೆ ಹಿತ. ಒಬ್ಬರ ಅಳತೆಗೆ ಹೊಲಿದ ರವಿಕೆ ಇನ್ನೊಬ್ಬರಿಗೆ ಆಗುವುದಿಲ್ಲ, ಇದೂ ಹಾಗೆಯೇ. ಯೋಚನೆಯನ್ನು ಪರೀಕ್ಷೆ ಮಾಡಿ ನೋಡುವ ಪದ್ಧತಿ ತಪ್ಪಲ್ಲ. 1960ರ ದಶಕದಲ್ಲಿ ಆರನ್ ಬೆಕ್ ಅಂಥ ವೈದ್ಯರು ರೂಪಿಸಿದ ಚಿಕಿತ್ಸೆ ಅದು, ಲಕ್ಷಾಂತರ ಜನರಿಗೆ ಅನುಕೂಲ ಆಗಿದೆ. ಆದರೆ ನಿಜವಾಗಿ ಗುಡ್ಡ ಬಿದ್ದಿದ್ದನ್ನು ಕಣ್ಣಾರೆ ನೋಡಿದವರ ಹತ್ತಿರ ಪುರಾವೆ ಕೇಳುವ ಮೊದಲು ಅವರ ಕಥೆ ಏನು ಅಂತ ತಿಳಿದುಕೊಳ್ಳಬೇಕು ಅಲ್ವಾ?

ಆಮೇಲೆ ಮಂಗಳವಾರದ ಕ್ಲಿನಿಕ್. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುತ್ತಾರೆ. ನೋಡುವುದಕ್ಕೆ ದುಡ್ಡಿಲ್ಲ, ಮಾತ್ರೆಯೂ ಅಲ್ಲೇ ಸಿಗುತ್ತದೆ. ನಾವು ಹೋದ ಕಡೆ ವೈದ್ಯರು ಚೆನ್ನಾಗಿ ನೋಡಿದರು. ನಿದ್ದೆಗೆ, ಖಿನ್ನತೆಗೆ ಮಾತ್ರೆ ಕೊಟ್ಟರು. ಅಮ್ಮ ಅದಕ್ಕೂ ಮೊದಲು ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗುತ್ತಿದ್ದರು. ಅದನ್ನು ನಿಧಾನವಾಗಿ ಬಿಡಿಸಿದ್ದೂ ಇವರೇ. ದುರಂತ ಕಂಡವರಿಗೆ ಭಯ ಇಳಿಸಲಿ ಅಂತ ಆ ಜಾತಿಯ (ಬೆಂಜೊಡಯಜೆಪೀನ್) ನಿದ್ದೆ ಮಾತ್ರೆ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆಯಂತೆ. ಅಭ್ಯಾಸ ಆಗಿಬಿಡುತ್ತದೆ, ಒಳಗಿನ ಭಯ ಹಾಗೇ ಉಳಿಯುತ್ತದೆ. ಇದನ್ನು ಡಾಕ್ಟರು ಸಮಾಧಾನವಾಗಿ ಅಮ್ಮನಿಗೆ ಬಿಡಿಸಿ ಹೇಳಿದರು.

ಆದರೆ ಅಲ್ಲಿ ಕೂತು ಮಾತಾಡುವುದಕ್ಕೆ ಪುರುಸೊತ್ತು ಎಲ್ಲಿ? ಹೊರಗೆ ಸಾಲು ಇರುತ್ತದೆ. ಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಹೊರಗಿನ ಬೆಂಚಿಗೆ ಎಲ್ಲ ಕೇಳುತ್ತಿತ್ತು. ಚಿಕಿತ್ಸೆಯ ವಿಷಯ ಗುಟ್ಟಾಗಿ ಇರಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ನಮಗೆ ಕೊಟ್ಟ ಹಕ್ಕು. ಒಂದು ಬಾಗಿಲು ಸರಿ ಮಾಡಿಸಿದರೆ ಅರ್ಧ ಕೆಲಸ ಆಗುತ್ತದೆ. ಮತ್ತೆ ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಯವರು ಇರುವ ಸಾಲು ಮನೆಗಳಿಂದ, ಬರುವವರಿಗೆ ಮಂಗಳವಾರ ಅಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಅರ್ಥ. ಅಂಥವರು ಒಂದು ಸಲ ಬಂದವರು ಎರಡನೇ ಸಲ ಬರುವುದು ಕಷ್ಟ.

ಈಗ ನಮ್ಮ ಬಡಾವಣೆಯ ಗುಂಪಿನ ವಿಷಯಕ್ಕೆ ಬರುತ್ತೇನೆ.

ಶನಿವಾರ ಮಧ್ಯಾಹ್ನ ಎರಡೂವರೆಗೆ, ಬಡಾವಣೆಯ ಸಮುದಾಯ ಭವನದಲ್ಲಿ. ದುಡ್ಡಿಲ್ಲ. ನಡೆಸುವವರು ಇಬ್ಬರು ಹೆಂಗಸರು, ಇಬ್ಬರೂ ಈ ಕಡೆಯವರೇ. ಒಬ್ಬರು ಅಂಗನವಾಡಿಯಲ್ಲಿ ಕೆಲಸ ಮಾಡಿದವರು, ಇನ್ನೊಬ್ಬರು ಪದವಿ ಓದಿದ ಹುಡುಗಿ. ಡಾಕ್ಟರಲ್ಲ. ಮನಶ್ಶಾಸ್ತ್ರದಲ್ಲಿ ದೊಡ್ಡ ಡಿಗ್ರಿ ಮಾಡಿದವರೂ ಅಲ್ಲ. ಮೊದಲ ದಿನವೇ ಅವರು ಇದನ್ನು ಬಾಯಿಬಿಟ್ಟು ಹೇಳಿದರು, ಅದು ನನಗೆ ಬಹಳ ಹಿಡಿಸಿತು. "ನಮಗೆ ಇದಕ್ಕೆ ಬೇಕಾದ ತರಬೇತಿ ಆಗಿದೆ. ನಮ್ಮ ಮೇಲೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತಿನ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರ ತಜ್ಞರು) ಇದ್ದಾರೆ, ಪ್ರತಿ ವಾರ ಅವರ ಹತ್ತಿರ ಮಾತಾಡುತ್ತೇವೆ. ನಮ್ಮ ಕೈಲಿ ಆಗದ್ದನ್ನು ಆಗಲ್ಲ ಅಂತಲೇ ಹೇಳುತ್ತೇವೆ" ಅಂದರು.

ಡಾಕ್ಟರಲ್ಲದವರು ಚಿಕಿತ್ಸೆ ಕೊಡುವುದು ಹೇಗೆ ಅಂತ ನಮ್ಮ ಕಡೆ ಬಹಳ ಜನ ಕೇಳುತ್ತಾರೆ. ನಾನೂ ವಿಚಾರಿಸಿದೆ. ಇದು ಬಡವರಿಗೆ ಕೊಡುವ ಎರಡನೇ ದರ್ಜೆಯ ಸರಕು ಅಲ್ಲ. ಗೋವಾದಲ್ಲಿ ಸಂಗಾತ್ ಅನ್ನುವ ಸಂಸ್ಥೆ ಇದನ್ನು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸರಿಯಾಗಿ ಪರೀಕ್ಷೆ ಮಾಡಿ ನೋಡಿದೆ. ಮೊದಲು ಈ ಕ್ಷೇತ್ರದ ಗಂಧಗಾಳಿ ಇಲ್ಲದ ಊರಿನವರಿಗೇ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂರಿಸಿದರು. ಬರೀ ಮಾಮೂಲಿ ಚಿಕಿತ್ಸೆ ಸಿಕ್ಕವರಿಗಿಂತ ಇವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರು. 2017ರಲ್ಲಿ ಅದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಜಿಂಬಾಬ್ವೆಯಲ್ಲಿ ಊರಿನ ಅಜ್ಜಿಯರೇ ಮರದ ಬೆಂಚಿನ ಮೇಲೆ ಕೂತು ಇಂಥ ಕೆಲಸ ಮಾಡುತ್ತಾರೆ. ನಮ್ಮ ಬಡಾವಣೆಯಲ್ಲಿ ನಡೆದದ್ದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್ ಅನ್ನುವ ಪದ್ಧತಿ, ಅದರ ಗುಂಪಿನ ರೂಪ. ಯುದ್ಧ, ಪ್ರವಾಹ, ಬಡತನ ಇಂಥ ಕಷ್ಟದಲ್ಲಿ ಸಿಕ್ಕಿಬಿದ್ದವರಿಗೆ ಅಂತಲೇ ಮಾಡಿದ್ದು. ವಾರಕ್ಕೊಂದು ಸಲದಂತೆ ಐದು ಸಲ.

ಗುಂಪಿಗೆ ಸೇರಿಸುವ ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಒಂಬತ್ತು ಪ್ರಶ್ನೆ ಕೇಳುತ್ತಾರೆ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಇತ್ತಾ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಅಂಕ ಜಾಸ್ತಿ ಆದಷ್ಟೂ ಖಿನ್ನತೆ ಜಾಸ್ತಿ. ಅಮ್ಮನಿಗೆ 17 ಬಂತು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅದನ್ನು ಕೇಳುವಾಗ ಆ ಅಂಗನವಾಡಿಯ ಅಕ್ಕ ಪೆನ್ನು ಕೆಳಗಿಟ್ಟರು. ಅಮ್ಮನ ಮುಖ ನೋಡಿಯೇ ಕೇಳಿದರು. ಅಮ್ಮ "ಇಲ್ಲ, ಆದರೆ ಅವತ್ತೇ ಹೋಗಿದ್ದರೆ ಒಳ್ಳೆದಿತ್ತು ಅನ್ನಿಸುತ್ತೆ" ಅಂದರು. ಮಗಳಾಗಿ ಆ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಕ್ಕ ಗಾಬರಿ ಆಗಲಿಲ್ಲ, ಹಾಗೆಲ್ಲ ಅನ್ನಬಾರದು ಅಂತ ಬುದ್ಧಿಯನ್ನೂ ಹೇಳಲಿಲ್ಲ. ಇನ್ನೂ ನಾಲ್ಕು ಪ್ರಶ್ನೆ ಮೆಲ್ಲಗೆ ಕೇಳಿ, ಅಪಾಯ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅಂತ ನಮ್ಮಲ್ಲಿ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ ಮೇಲೆ ಅಮ್ಮ ಒಂದು ಲೋಟ ನೀರು ಕುಡಿದು, ಮೊದಲಿಗಿಂತ ಜಾಸ್ತಿ ಮಾತಾಡಿದರು.

ನನ್ನನ್ನೂ ಗುಂಪಿಗೆ ಸೇರಿಸಿಕೊಂಡರು, ಅಮ್ಮನ ಒಪ್ಪಿಗೆ ಕೇಳಿಯೇ. ಅಲ್ಲಿ ಬೇರೆಯವರು ಹೇಳಿದ್ದು ಯಾವುದನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಅದು ಮೊದಲ ದಿನವೇ ಎಲ್ಲರೂ ಒಪ್ಪಿಕೊಂಡ ಮಾತು. ಅಮ್ಮನದು ಮಾತ್ರ ಬರೆಯುತ್ತೇನೆ.

ಯಾರನ್ನೂ "ಅವತ್ತು ಏನಾಯಿತು ಹೇಳಿ" ಅಂತ ಒತ್ತಾಯ ಮಾಡುವುದಿಲ್ಲ. ಇದು ಬಹಳ ಮುಖ್ಯ. ಪರಿಹಾರ ಕೇಂದ್ರದಲ್ಲಿ ಇದ್ದಾಗ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರು. ಕ್ಯಾಮೆರಾದವರು, ದಾನ ಕೊಡುವವರು, ಕಾಲೇಜು ಮಕ್ಕಳು. ಅಮ್ಮ ಹೇಳಿ ಹೇಳಿ ಆಮೇಲೆ ಒಂದು ವಾರ ಮಂಕಾಗಿರುತ್ತಿದ್ದರು. ದುರಂತ ಆದ ಕೂಡಲೇ ಜನರನ್ನು ಕೂರಿಸಿ ಎಲ್ಲವನ್ನೂ ಒಮ್ಮೆಗೇ ಹೇಳಿಸುವುದರಿಂದ ಲಾಭ ಇಲ್ಲ, ಹಾಗೆ ಮಾಡಬೇಡಿ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇಲ್ಲಿ ಚಿತ್ರದ ಹಾಳೆ ಇಟ್ಟುಕೊಂಡು ಒಬ್ಬ ಹೆಂಗಸಿನ ಕಥೆ ಹೇಳುತ್ತಾರೆ. ಅವಳಿಗೂ ನಿದ್ದೆ ಇಲ್ಲ, ಅವಳೂ ಮನೆಯಿಂದ ಹೊರಗೆ ಬರುತ್ತಿಲ್ಲ. ಅವಳ ವಿಷಯ ಮಾತಾಡುತ್ತಾ ಮಾತಾಡುತ್ತಾ ನಮ್ಮದು ತಾನಾಗಿ ಬರುತ್ತದೆ. ಅಮ್ಮ ಎರಡನೇ ವಾರ "ಪಾಪ, ಅವಳಿಗೆ ಕೊಟ್ಟಿಗೆಯ ದನ ನೆನಪಾಗುತ್ತೇನೋ" ಅಂದರು. ಚಿತ್ರದಲ್ಲಿ ದನವೇ ಇರಲಿಲ್ಲ.

ಮೊದಲ ವಾರ ಉಸಿರಾಟ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೂರು ಎಣಿಸುವಷ್ಟು ಹೊತ್ತು ಒಳಗೆ, ಮೂರು ಎಣಿಸುವಷ್ಟು ಹೊತ್ತು ಹೊರಗೆ. ಆ ಹುಡುಗಿ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಅಮ್ಮನಿಗೆ ಮೊದಲು ಎದೆಯೇ ಏರುತ್ತಿತ್ತು, ಹೊಟ್ಟೆ ಅಲ್ಲಾಡುತ್ತಲೇ ಇರಲಿಲ್ಲ. ಮನೆಯಲ್ಲಿ ಹೊಟ್ಟೆಯ ಮೇಲೆ ಒಂದು ಸ್ಟೀಲ್ ಬಟ್ಟಲು ಇಟ್ಟುಕೊಂಡು ಮಲಗಿ ಅಭ್ಯಾಸ ಮಾಡಿದರು. ಇದರಿಂದ ದೊಡ್ಡ ಪವಾಡ ಏನೂ ಆಗಲಿಲ್ಲ. ರಾತ್ರಿ ಎಚ್ಚರವಾದಾಗ ಎದ್ದು ಓಡುವುದರ ಬದಲು ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತು, ಅಷ್ಟೇ. ಅಷ್ಟಾದರೂ ಸಿಕ್ಕಿತಲ್ಲ.

ಎರಡನೇ ವಾರ ನನಗೆ ತುಂಬಾ ಇಷ್ಟವಾದದ್ದು. ಕಷ್ಟಗಳನ್ನೆಲ್ಲ ಹೇಳಿಸಿ, ಅದರಲ್ಲಿ ನಮ್ಮ ಕೈಲಿ ಏನಾದರೂ ಮಾಡಬಹುದಾದದ್ದು ಯಾವುದು, ಮಾಡಲಾಗದ್ದು ಯಾವುದು ಅಂತ ಬೇರೆ ಮಾಡಿಸಿದರು. ಅಮ್ಮ ಹೇಳಿದ್ದು: ಹೋದ ತೋಟ, ತೀರಿಕೊಂಡ ಅಪ್ಪ, ಮನೆ ಹಿಂದಿನ ದಿಬ್ಬ. ಮೊದಲ ಎರಡನ್ನು ಪಕ್ಕಕ್ಕೆ ಇಟ್ಟರು. ಮರೆತುಬಿಡಿ ಅನ್ನಲಿಲ್ಲ. "ಇವು ಇರುತ್ತವೆ. ಇವುಗಳ ಜೊತೆ ಇರುವುದಕ್ಕೆ ಜನ ಬೇಕು, ಅದನ್ನು ನಾಲ್ಕನೇ ವಾರ ಮಾತಾಡೋಣ" ಅಂದರು. ದಿಬ್ಬವನ್ನು ಕೈಗೆತ್ತಿಕೊಂಡರು. ಆ ವೀಡಿಯೋ ಹುಡುಗಿಯ ಹಾಗೆ ಪುರಾವೆ ಕೇಳಲಿಲ್ಲ, ದಿಬ್ಬ ಬೀಳಲ್ಲ ಅಂತ ಸಮಾಧಾನವನ್ನೂ ಹೇಳಲಿಲ್ಲ. "ಬಿದ್ದರೆ ಏನು ಮಾಡುತ್ತೀರಿ?" ಅಂತ ಕೇಳಿದರು. ಅಮ್ಮ ಗಂಭೀರವಾಗಿ ಯೋಚನೆ ಮಾಡಿದರು. ಮಾಡಬಹುದಾದ್ದನ್ನೆಲ್ಲ ಗುಂಪಿನವರೇ ಹೇಳುತ್ತಾ ಹೋದರು, ಅಕ್ಕ ಬರೆದುಕೊಂಡರು.

ಮರುದಿನ ಬಿಸಿಲಿತ್ತು. ಅಮ್ಮ, ನಾನು, ಪಕ್ಕದ ಮನೆಯವರು ಮೂವರೂ ದಿಬ್ಬದ ಹತ್ತಿರ ಹೋದೆವು. ಅಮ್ಮ ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಮನೆಯ ಹಿಂಭಾಗಕ್ಕೆ ಹೋಗಿರಲಿಲ್ಲ. ಬಿರುಕು ಇದೆಯಾ, ಮರ ವಾಲಿದೆಯಾ, ನೀರು ಎಲ್ಲಿಂದ ಇಳಿಯುತ್ತದೆ ಅಂತ ಅಮ್ಮನೇ ಕೋಲಿನಿಂದ ತೋರಿಸಿ ಹೇಳಿದರು. ಮಣ್ಣಿನ ವಿಷಯದಲ್ಲಿ ನಮಗಿಂತ ಅವರಿಗೇ ಜಾಸ್ತಿ ಗೊತ್ತು. ಚರಂಡಿಯಲ್ಲಿ ತುಂಬಿದ್ದ ಕಸ ತೆಗೆಸಬೇಕು ಅಂತ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದೆವು. ಒಂದು ಚೀಲದಲ್ಲಿ ಆಧಾರ್, ಹಕ್ಕುಪತ್ರದ ನಕಲು, ಮಾತ್ರೆ, ಟಾರ್ಚ್, ಒಂದು ಜೊತೆ ಬಟ್ಟೆ ಇಟ್ಟೆವು. ಮಳೆ ಜೋರಾದರೆ ಯಾರ ಮನೆಗೆ ಹೋಗುವುದು, ಯಾವ ದಾರಿ, ಯಾರು ಯಾರನ್ನು ಕರೆಯಬೇಕು, ಎಲ್ಲ ಮಾತಾಡಿಕೊಂಡೆವು. ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ. ಅದು ಅಲ್ಲಿದೆ ಅಂತ ಗೊತ್ತಿರುವುದರಿಂದ ಅಮ್ಮ ಈಗ ಚಪ್ಪಲಿ ಬಿಚ್ಚಿ ಮಂಚದ ಕೆಳಗೆ ಇಡುತ್ತಾರೆ.

ಮೂರನೇ ವಾರ, ಬಿಟ್ಟುಹೋದ ಕೆಲಸಗಳನ್ನು ಸಣ್ಣದಾಗಿ ಮತ್ತೆ ಹಿಡಿಯುವುದು. ಮನಸ್ಸು ಸರಿಯಾಗಲಿ, ಆಮೇಲೆ ಮಾಡುತ್ತೇನೆ ಅಂತ ಕಾಯುತ್ತಾ ಕೂತರೆ ಅದು ಸರಿಯಾಗುವುದಿಲ್ಲ. ಮೊದಲು ಕೈ ಕೆಲಸ ಮಾಡಬೇಕು, ಮನಸ್ಸು ಹಿಂದೆ ಬರುತ್ತದೆ. ಇದು ಅವರ ಲೆಕ್ಕ. ಅಮ್ಮ ಆಯ್ದುಕೊಂಡದ್ದು ಒಂದು ಗಾಂಧಾರಿ ಮೆಣಸಿನ ಗಿಡ. ತೋಟ ಮಾಡಿ ಅಂತ ಯಾರೂ ಹೇಳಲಿಲ್ಲ. ಎಕರೆಗಟ್ಟಲೆ ನೋಡಿಕೊಂಡವರಿಗೆ ಅಂಗಳದ ಎರಡು ಅಡಿ ಜಾಗ ತೋರಿಸಿ ತೋಟ ಅಂದರೆ ಅಳು ಬರುತ್ತದೆ. ಒಂದೇ ಗಿಡ, ಒಂದು ಹಳೆಯ ಪೇಂಟ್ ಡಬ್ಬಿಯಲ್ಲಿ. ದಿನಾ ಬೆಳಿಗ್ಗೆ ಚರಂಡಿ ನೀರು ನೋಡುವ ಮೊದಲು ಅದಕ್ಕೆ ನೀರು ಹಾಕುವುದು. ಗಿಡ ಬದುಕಿತು. ಪಕ್ಕದಲ್ಲಿ ಕೆಸು ಬಂತು. ಆಟಿ ತಿಂಗಳ 18ನೇ ದಿನ ನಮ್ಮ ಕಡೆ ಮಾಡುವ ಮದ್ದು ಸೊಪ್ಪಿನ ಪಾಯಸವನ್ನು ಅಮ್ಮ ಮಾಡಿದರು. 2018ರ ಆಗಸ್ಟ್ 3ರಂದು ಹಳೆಯ ಮನೆಯಲ್ಲಿ ಮಾಡಿದ್ದು, ಆಮೇಲೆ ಮಾಡಿರಲೇ ಇಲ್ಲ. ಆ ನೇರಳೆ ಬಣ್ಣ, ಆ ವಾಸನೆ ಅಡುಗೆ ಮನೆಯಲ್ಲಿ ಕಂಡಾಗ ನನಗೆ ಆದ ಸಂತೋಷ ಹೇಳಲಾಗದು. ನಾಲ್ಕು ಮನೆಗೆ ಹಂಚಿದರು.

ನಾಲ್ಕನೇ ವಾರ ಜನರ ನಂಟು. ಈ ಬಡಾವಣೆಗಳಲ್ಲಿ ಒಂದು ವಿಚಿತ್ರ ಇದೆ. ಬೇರೆ ಬೇರೆ ಊರಿನವರನ್ನು ತಂದು ಸಾಲಾಗಿ ಕೂರಿಸಿದ್ದಾರೆ. ಊರಿನಲ್ಲಿ ಮನೆಗೂ ಮನೆಗೂ ಮಧ್ಯೆ ತೋಟ ಇತ್ತು, ಆದರೂ ಸಂಬಂಧ ಹತ್ತಿರ. ಇಲ್ಲಿ ಗೋಡೆಗೆ ಗೋಡೆ ತಾಗಿದೆ, ಪಕ್ಕದವರ ಮನೆತನ ಗೊತ್ತಿಲ್ಲ. ಕಷ್ಟ ಬಂದರೆ ಯಾರನ್ನು ಕರೆಯುತ್ತೀರಿ ಅಂತ ಕೇಳಿದರೆ ಅಮ್ಮ ಹೇಳಿದ ಹೆಸರುಗಳೆಲ್ಲ ಹಳೆಯ ಊರಿನವರದ್ದು, ಒಬ್ಬರೂ ಹತ್ತಿರ ಇಲ್ಲ. ಈಗ ಎರಡು ಹೆಸರು ಇದೇ ಸಾಲಿನ ಮನೆಯವರದ್ದು ಸೇರಿದೆ. ಐದನೇ ವಾರ ಕಲಿತದ್ದನ್ನು ಮತ್ತೆ ನೋಡುವುದು, ಮುಂದೆ ಕಷ್ಟ ಬಂದರೆ ಏನು ಮಾಡುವುದು ಅಂತ ಮಾತಾಡುವುದು. ಕೊನೆಗೆ ಮತ್ತೆ ಆ ಒಂಬತ್ತು ಪ್ರಶ್ನೆ. 17 ಇದ್ದದ್ದು 8ಕ್ಕೆ ಬಂದಿತ್ತು. ಅಮ್ಮ ಮಾತ್ರೆಯನ್ನೂ ಜೊತೆಗೇ ತೆಗೆದುಕೊಳ್ಳುತ್ತಿದ್ದರು, ಇನ್ನೂ ತೆಗೆದುಕೊಳ್ಳುತ್ತಿದ್ದಾರೆ. ಹಾಗಾಗಿ ಎಲ್ಲ ಶ್ರೇಯ ಗುಂಪಿಗೇ ಅಂತ ನಾನು ಹೇಳುವುದಿಲ್ಲ. ಆದರೆ ಮಾತ್ರೆ ಮೊದಲೂ ಇತ್ತು, ಪಾಯಸ ಇರಲಿಲ್ಲ.

ಇನ್ನು ಭಾಷೆ. ಇದಕ್ಕೆ ಪೂರ್ತಿ ಅಂಕ. ಅಮ್ಮ ಅರೆಭಾಷೆಯಲ್ಲಿ ಮಾತಾಡಿದರು, ಅಂಗನವಾಡಿಯ ಅಕ್ಕ ಅರೆಭಾಷೆಯಲ್ಲೇ ಉತ್ತರ ಕೊಟ್ಟರು. ಆ ಹುಡುಗಿಗೆ ಕೊಡವ ತಕ್ಕ್ ಬರುತ್ತದೆ, ಇಲ್ಲಿನ ಆದಿವಾಸಿಗಳಾದ ಯರವರ ಮಾತೂ ಸ್ವಲ್ಪ ಬರುತ್ತದೆ. ಅಳು ಬಂದಾಗ ಪುಸ್ತಕದ ಕನ್ನಡದಲ್ಲಿ ಯಾರು ಮಾತಾಡುತ್ತಾರೆ ಹೇಳಿ.

ಈಗ ದೂರುಗಳು.

ದೊಡ್ಡದು ಮಳೆಗಾಲದ್ದು. ನಮ್ಮ ಗುಂಪು ಏಪ್ರಿಲ್, ಮೇನಲ್ಲಿ ನಡೆಯಿತು. ಜೂನ್ ಎರಡನೇ ವಾರದಿಂದ ಆ ತಂಡ ಕಾಣಲೇ ಇಲ್ಲ. ರಸ್ತೆ ಸರಿ ಇಲ್ಲ, ಕರೆಂಟ್ ಇಲ್ಲ, ಜನ ಬರುವುದಿಲ್ಲ, ಸೆಪ್ಟೆಂಬರ್‌ನಲ್ಲಿ ನೋಡೋಣ ಅಂದರು. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಇಬ್ಬರೇ ಇರುವುದು, ಸ್ಕೂಟರ್‌ನಲ್ಲಿ ಬರಬೇಕು, ಮರ ಬೀಳುವ ರಸ್ತೆ. ಆದರೆ ಕೊಡಗಿನಲ್ಲಿ ಬೇಸಿಗೆಯಲ್ಲಿ ಮಾತ್ರ ನಡೆಯುವ ಸಮಾಲೋಚನೆಗೆ ಅರ್ಧ ಬೆಲೆ. ಕಲಿತದ್ದನ್ನು ಪರೀಕ್ಷೆ ಮಾಡುವುದು ಜುಲೈ ತಿಂಗಳು. ಆಗ ಯಾರಾದರೂ ಬಂದು ಅರ್ಧ ಗಂಟೆ ಕೂತು "ಹೇಗಿದ್ದೀರಿ, ಉಸಿರಾಟ ಮಾಡುತ್ತಿದ್ದೀರಾ" ಅಂದರೆ ಸಾಕಿತ್ತು. ಬರಲಾಗದಿದ್ದರೆ ಶನಿವಾರ ಎರಡೂವರೆಗೆ ಒಂದು ಫೋನ್. ಬಡಾವಣೆಯಲ್ಲೇ ಇರುವ ಒಬ್ಬರಿಗೆ ತರಬೇತಿ ಕೊಟ್ಟು ಮಳೆಗಾಲದ ಮೂರು ತಿಂಗಳು ಅವರಿಗೆ ಒಪ್ಪಿಸಿ ಅಂತ ನಾನು ಕೇಳಿದ್ದೇನೆ. ಯೋಚನೆ ಮಾಡುತ್ತೇವೆ ಅಂದಿದ್ದಾರೆ. ನಾನು ಬಿಡುವುದಿಲ್ಲ, ಕೇಳುತ್ತಲೇ ಇರುತ್ತೇನೆ.

ಇನ್ನೊಂದು, ಗಂಡಸರಿಗೆ ಏನೂ ಇಲ್ಲ. ಇಡೀ ಬಡಾವಣೆಯಲ್ಲಿ ನೋವು ತಿಂದವರು ಹೆಂಗಸರು ಮಾತ್ರವಾ? ತೋಟ ಕಳೆದುಕೊಂಡ ಗಂಡಸರು ಸಂಜೆ ಕುಡಿದು ಕೂರುತ್ತಾರೆ, ಯಾರ ಹತ್ತಿರವೂ ಮಾತಿಲ್ಲ. ಗೋವಾದ ಅದೇ ಸಂಗಾತ್‌ನವರು ಅತಿಯಾಗಿ ಕುಡಿಯುವ ಗಂಡಸರಿಗೆ ಅಂತಲೇ ಒಂದರಿಂದ ನಾಲ್ಕು ಸಲ ಕೂರುವ ಸಮಾಲೋಚನೆ ರೂಪಿಸಿ, ಅದೂ ಫಲ ಕೊಡುತ್ತದೆ ಅಂತ ತೋರಿಸಿದ್ದಾರೆ. ಕೊಡಗಿಗೆ ಅದು ನಾಳೆಯೇ ಬೇಕು.

ಲೈನ್ ಮನೆಯ ಯರವ ಹೆಂಗಸರು ಕೆಲವರು ಮೊದಲ ವಾರ ಬಂದಿದ್ದರು. ಎರಡನೇ ವಾರ ಬರಲಿಲ್ಲ. ಶನಿವಾರ ತೋಟದಲ್ಲಿ ಬಟವಾಡೆಯ ದಿನ, ಅದನ್ನು ಬಿಟ್ಟು ಯಾರು ಬರುತ್ತಾರೆ? ಆನೆ ದಾಳಿಯಲ್ಲಿ ಮನೆಯವರನ್ನು ಕಳೆದುಕೊಂಡವರು, ಕಾಡಿನಿಂದ ಹೊರಬಂದು ನೆಲೆ ಸಿಗದವರು, ಅಸ್ಸಾಮಿನಿಂದ ಬಂದು ಭಾಷೆ ಗೊತ್ತಿಲ್ಲದೆ ಕೂತವರು ಎಲ್ಲ ಇರುವುದು ಆ ಲೈನ್ ಮನೆಗಳಲ್ಲಿ. ಅವರಿಗೆ ಭವನಕ್ಕೆ ಬನ್ನಿ ಅಂದರೆ ಆಗುವುದಿಲ್ಲ. ತೋಟದ ಮಾಲೀಕರ ಹತ್ತಿರ ಮಾತಾಡಿ, ಕೂಲಿ ಕಡಿಯದ ಹಾಗೆ ಲೈನಿನ ಅಂಗಳದಲ್ಲೇ ಕೂರಬೇಕು.

ಐದು ವಾರ ಎಲ್ಲರಿಗೂ ಸಾಕಾಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕಣ್ಣೆದುರೇ ಮನೆಯವರನ್ನು ಕಳೆದುಕೊಂಡು ಅದೇ ದೃಶ್ಯ ಮತ್ತೆ ಮತ್ತೆ ಬರುವವರಿಗೆ, ಸಾಯುವ ಯೋಜನೆ ಇರುವವರಿಗೆ, ಇಲ್ಲದ ದನಿ ಕೇಳಿಸುವವರಿಗೆ ಇದು ಅಲ್ಲ. ಈ ತಂಡ ಅಂಥವರನ್ನು ಗುಂಪಿಗೆ ಸೇರಿಸದೆ ಮನೋವೈದ್ಯರ ಹತ್ತಿರ ಕಳಿಸುತ್ತದೆ. ಒಬ್ಬರ ಜೊತೆ ಅವರೇ ಆಸ್ಪತ್ರೆಯವರೆಗೂ ಹೋದರು. ದುರಂತದ ನೆನಪಿಗೆ ಅಂತಲೇ ಇರುವ ಚಿಕಿತ್ಸೆಗಳನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಮಾಡಿಸಬೇಕು. ದುಡ್ಡು ಕೊಟ್ಟು ಹೋಗುವವರು ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಹೋಗಬೇಡಿ.

ಜುಲೈಯಲ್ಲಿ ತಂಡ ಇಲ್ಲದಾಗ ನಮಗೆ ಆಸರೆ ಆದದ್ದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ. 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು, ಹಿಂದೆ ನಿಂತಿರುವುದು ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡ ಆಯ್ದುಕೊಳ್ಳಬಹುದು. ಗಾಳಿ ಮಳೆ ಜೋರಾಗಿದ್ದ ಒಂದು ರಾತ್ರಿ ಅಮ್ಮ ನಡುಗುತ್ತಾ ಕೂತಿದ್ದರು, ನಾನೇ ಫೋನ್ ಮಾಡಿದೆ. ಆ ಕಡೆ ಇದ್ದ ಹೆಂಗಸು ಮೊದಲು ಕೇಳಿದ್ದು "ಈಗ ನೀವಿರುವ ಜಾಗ ಸುರಕ್ಷಿತವಾಗಿದೆಯಾ, ಮನೆ ಬಿಡಬೇಕಾದ ಪರಿಸ್ಥಿತಿ ಇದೆಯಾ?" ಅಂತ. ಎಷ್ಟು ಸರಿಯಾದ ಪ್ರಶ್ನೆ! ಆಮೇಲೆ ಅಮ್ಮನ ಜೊತೆ ಅವಸರ ಮಾಡದೆ ಮಾತಾಡಿದರು. ಅಮ್ಮನಿಗೆ ಗೊತ್ತಿದ್ದ ಉಸಿರಾಟವನ್ನೇ ಅಮ್ಮನ ಬಾಯಿಂದ ಹೇಳಿಸಿ ಮಾಡಿಸಿದರು. ತೊಂದರೆ ಅಂದರೆ ಕರೆಂಟ್ ಹೋಗಿ ಟವರ್ ಬಿದ್ದರೆ ಇದೂ ಸಿಗುವುದಿಲ್ಲ, ಮತ್ತೆ ನಮ್ಮಲ್ಲಿ ಮಳೆಗಾಲದಲ್ಲಿ ಟವರ್ ಬೀಳುವುದು ಮಾಮೂಲಿ. ಅದಕ್ಕೇ ಹೇಳುವುದು, ಮಳೆಗಾಲಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಒಬ್ಬ ಮನುಷ್ಯರು ಬೇಕೇ ಬೇಕು.

ಸ್ಟಾರ್ ಕೊಡಿ ಅಂದರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಮಳೆಗಾಲದಲ್ಲೂ ನಡೆಸಿದರೆ ಐದು.

ಹೋಗುವವರಿಗೆ ಎರಡು ಮಾತು. ಗುಂಪು ಸೇರಬೇಕಾದರೆ ಮಾರ್ಚ್‌ನಲ್ಲೇ ಹೆಸರು ಕೊಡಿ, ಏಪ್ರಿಲ್‌ನಲ್ಲಿ ಶುರುವಾದರೆ ಮಳೆ ಹಿಡಿಯುವ ಮೊದಲು ಐದು ವಾರ ಮುಗಿಯುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಒಂದು ಬೆಚ್ಚಗಿನ ಶಾಲು ತನ್ನಿ, ಭವನದ ನೆಲ ಥಂಡಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿ ಜೊತೆಗಿರಲಿ, ಮೊದಲ ದಿನವೇ ಕೇಳುತ್ತಾರೆ. ಎಲ್ಲಿ, ಯಾವ ಬಡಾವಣೆ ಅಂತ ಗೊತ್ತಾಗಬೇಕಾದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ನಮಗೂ ಅವರೇ ಹೇಳಿದ್ದು.